ಸ್ಟೇರಿಂಗ್ ಆಮೇಲೆ, ಮೊದಲು ಕೆಂಪು ದಾರ

ಕಾರಿಗೆ ಸ್ಟೇರಿಂಗ್ ಇದೆ, ಟ್ರ್ಯಾಕ್ಟರಿಗಿದೆ, ಬಂದರಿನಲ್ಲಿ ಸಾಲಾಗಿ ನಿಂತ ಟ್ರಾಲ್ ಬೋಟುಗಳಿಗೂ ಇದೆ. ನಾಡದೋಣಿಗೆ ಮಾತ್ರ ಯಾಕಿಲ್ಲ? ಹೊಸ ಫೈಬರ್ ದೋಣಿ ಮಾಡಿಸಲು ಹೊರಟ ಹುಡುಗರು ಹೀಗೆ ಕೇಳಿದರೆ ಹಿರಿಯರು ನಗುತ್ತಾರೆ. "ಸ್ಟೇರಿಂಗ್ ಎಂತಕ್ಕೆ ಮಾರಾಯಾ? ಬಲೆ ಎಲ್ಲಿ ಇಡುದು?" ಎಂದು ಒಂದೇ ಮಾತಿಗೆ ಮುಗಿಸುತ್ತಾರೆ. ಹುಡುಗರ ಪ್ರಶ್ನೆಯಲ್ಲಿ ಹುರುಳಿದೆ, ಹಿರಿಯರ ಉತ್ತರದಲ್ಲೂ ಇದೆ. ಆದರೆ ಇಬ್ಬರೂ ಜೀವ ಉಳಿಸುವ ಒಂದು ಸಣ್ಣ ಸಾಮಾನನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಈ ವಾರದ ಮಾತು ಅದರ ಸುತ್ತ.

ಕಡಲಿನ ಒಡನಾಟ ಇಲ್ಲದವರಿಗೆ ಮೊದಲು ವಿಷಯ ಬಿಡಿಸಿ ಹೇಳಬೇಕು. ಸಣ್ಣ ದೋಣಿಯ ಹಿಂಬದಿಯ ಹಲಗೆಗೆ ಔಟ್‌ಬೋರ್ಡ್ ಎಂಜಿನ್ ಕಚ್ಚಿಸಿರುತ್ತಾರೆ. ಅದರಿಂದ ಮುಂದಕ್ಕೆ ಒಂದು ಹ್ಯಾಂಡಲ್ ಚಾಚಿಕೊಂಡಿರುತ್ತದೆ. ಹ್ಯಾಂಡಲ್ ತುದಿಯನ್ನು ತಿರುಚಿದರೆ ವೇಗ, ಅತ್ತಿತ್ತ ತಳ್ಳಿದರೆ ದಿಕ್ಕು. ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೊರಳುತ್ತದೆ, ಎಡಕ್ಕೆ ತಳ್ಳಿದರೆ ಬಲಕ್ಕೆ. ಇಡೀ ಎಂಜಿನ್ನೇ ತಿರುಗುವುದರಿಂದ ಬೇರೆ ಚುಕ್ಕಾಣಿ ಬೇಡ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕೆ ತಂದ ಎಂಜಿನ್‌ನಿಂದ ಇವತ್ತು ನಮ್ಮ ದೋಣಿಗಳ ಬೆನ್ನಿಗಿರುವ ಎಂಜಿನ್‌ವರೆಗೆ ಈ ಏರ್ಪಾಡಿನ ಮೂಲ ಹಾಗೇ ಉಳಿದಿದೆ.

ಕನ್ಸೋಲ್ ಸ್ಟೇರಿಂಗ್ ಎಂದರೆ ದೋಣಿಯ ನಡುವೆಯೋ ಒಂದು ಮಗ್ಗುಲಿಗೋ ಸೊಂಟದೆತ್ತರದ ಪೆಟ್ಟಿಗೆ ಕೂರಿಸಿ, ಅದರ ಮೇಲೆ ಚಕ್ರ, ಪಕ್ಕದಲ್ಲಿ ವೇಗದ ಲಿವರ್, ಕೀಲಿ, ಒಂದೆರಡು ಮೀಟರ್ ಇಡುವುದು. ಓಡಿಸುವವನು ಎಂಜಿನ್ ಬಿಟ್ಟು ಮುಂದಕ್ಕೆ ಬರುತ್ತಾನೆ. ಚಕ್ರ ತಿರುಗಿಸಿದರೆ ಹಿಂದಿರುವ ಎಂಜಿನ್ ಕೇಬಲ್ ಮೂಲಕ ತಿರುಗುತ್ತದೆ.

ಹ್ಯಾಂಡಲ್ ಹಿಡಿದು ವರ್ಷಗಟ್ಟಲೆ ದುಡಿದವರ ಮೈ ಕೇಳಿ, ಹುಡುಗರ ಆಸೆ ಬರೀ ಶೋಕಿಯಲ್ಲ ಎಂದು ಗೊತ್ತಾಗುತ್ತದೆ. ಹಿಂಬದಿಯ ಮೂಲೆಯಲ್ಲಿ ಕೂತು, ಒಂದು ಕೈ ಹಿಂದಕ್ಕೆ ಚಾಚಿ, ಸೊಂಟ ತಿರುಚಿ, ಕತ್ತು ಮುಂದಕ್ಕೆ ಹೊರಳಿಸಿ ಗಂಟೆಗಟ್ಟಲೆ ಸಾಗಬೇಕು. ಎಂಜಿನ್ನಿನ ನಡುಕ ನೇರ ತೋಳಿಗೆ ಏರುತ್ತದೆ; ದಡ ಮುಟ್ಟುವ ಹೊತ್ತಿಗೆ ಬೆರಳು ಜೋಮು. ಕಿವಿಯ ಬುಡದಲ್ಲೇ ಸದ್ದು. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ನಾದರೆ, ಗಾಳಿ ಹಿಂದಿನಿಂದ ಬೀಸಿದಾಗ ಹೊಗೆ ಪೂರ್ತಿ ಓಡಿಸುವವನ ಮೂಗಿಗೆ. ಎಂಜಿನ್, ಎಣ್ಣೆ ಕ್ಯಾನು, ಓಡಿಸುವವನು, ಮೂರರ ಭಾರವೂ ಹಿಂದೆಯೇ ಬೀಳುವುದರಿಂದ ವೇಗ ಕೊಟ್ಟೊಡನೆ ಮೂತಿ ಮೇಲೇಳುತ್ತದೆ, ಮುಂದಿನ ನೀರು ಮರೆಯಾಗುತ್ತದೆ. ನೀರಲ್ಲಿ ತೇಲುವ ಮರದ ದಿಮ್ಮಿ, ಇನ್ನೊಬ್ಬರ ಬಲೆಯ ಬೆಂಡು, ಈಜುವ ಮನುಷ್ಯ, ಯಾವುದೂ ಕಾಣದ ಒಂದು ಕುರುಡು ತುಂಡು ದೋಣಿಯ ನೇರ ಮುಂದೆ ಹುಟ್ಟಿಕೊಳ್ಳುತ್ತದೆ.

ಇದಕ್ಕೆಲ್ಲ ಕನ್ಸೋಲ್ ಉತ್ತರ ಕೊಡುತ್ತದೆ, ಸುಳ್ಳಲ್ಲ. ಮನುಷ್ಯನ ಭಾರ ಮುಂದಕ್ಕೆ ಸರಿದರೆ ದೋಣಿ ನೀರಿನ ಮೇಲೆ ಸಮವಾಗಿ ಕೂರುತ್ತದೆ, ಬೇಗ ವೇಗ ಹಿಡಿಯುತ್ತದೆ. ನೇರ ಮುಂದೆ ನೋಡಬಹುದು. ಅಲೆಯ ಏಟನ್ನು ಮೊಣಕಾಲು ತಡೆದುಕೊಳ್ಳುತ್ತದೆ, ಬೆನ್ನುಮೂಳೆ ಉಳಿಯುತ್ತದೆ. ಗಂಗೊಳ್ಳಿ, ಕೋಡಿಬೇಂಗ್ರೆ, ಹೊನ್ನಾವರದಂಥ ಕಡೆ ಹೂಳು ತುಂಬಿದ ಅಳಿವೆ ಬಾಗಿಲು ದಾಟುವವನಿಗೆ ಬರುವ ಅಲೆಯನ್ನು ಎದ್ದು ನಿಂತು ಅಳೆಯುವ ಅವಕಾಶ ಸಣ್ಣದಲ್ಲ.

ಹಾಗಿದ್ದರೆ ಹಾಕಿಸಿಕೊಳ್ಳಲಿ ಬಿಡಿ ಎನ್ನುವ ಮೊದಲು ಈ ಬದಲಾವಣೆಯ ಹೊಟ್ಟೆಯೊಳಗೆ ಏನೇನಿದೆ ನೋಡೋಣ. ಚಕ್ರ ತಂದು ಮೊಳೆ ಹೊಡೆದರೆ ಮುಗಿಯುವ ಕೆಲಸ ಇದಲ್ಲ.

ಮೊದಲ ಪ್ರಶ್ನೆ ಎಂಜಿನ್ನಿನದೇ. ಹ್ಯಾಂಡಲ್ ಸಮೇತ ತಯಾರಾದ ಎಷ್ಟೋ ಎಂಜಿನ್‌ಗಳಲ್ಲಿ ಕೇಬಲ್ ಕೂರಿಸುವ ತೋಳು, ಲಿವರ್ ಕೇಬಲ್‌ಗಳನ್ನು ಸಿಕ್ಕಿಸುವ ಬ್ರಾಕೆಟ್ ಇರುವುದಿಲ್ಲ. ಕೆಲವು ಮಾದರಿಗಳಿಗೆ ಕಂಪನಿಯೇ ಬದಲಾವಣೆಯ ಕಿಟ್ ಮಾಡುತ್ತದೆ, ಕೆಲವಕ್ಕೆ ಮಾಡುವುದೇ ಇಲ್ಲ. ಇದನ್ನು ವಿಚಾರಿಸದೆ ಚಕ್ರ, ಪೆಟ್ಟಿಗೆ ಕೊಂಡವರು ಕೊನೆಗೆ ಎಂಜಿನ್ನನ್ನೂ ಬದಲಿಸಬೇಕಾಗುತ್ತದೆ.

ಎರಡನೆಯದು ಸ್ಟೇರಿಂಗ್ ಕೇಬಲ್. ಚಕ್ರದ ಹಿಂದೆ ಹಲ್ಲುಗಾಲಿಯ ಒಂದು ಡಬ್ಬಿ ಇರುತ್ತದೆ. ಅದು ಕೇಬಲ್ಲನ್ನು ತಳ್ಳುತ್ತದೆ, ಎಳೆಯುತ್ತದೆ. ಕೇಬಲ್ಲಿನ ಇನ್ನೊಂದು ತುದಿಯ ಉಕ್ಕಿನ ಸರಳು ಎಂಜಿನ್ ಹಿಡಿಯ ಅಡ್ಡ ಕೊಳವೆಯೊಳಗಿಂದ ಹಾದು ಹೊರಬಂದು, ಒಂದು ಕೊಂಡಿಯ ಮೂಲಕ ಎಂಜಿನ್ನಿನ ತೋಳನ್ನು ಹಿಡಿಯುತ್ತದೆ. ಕೇಬಲ್ ಉದ್ದವನ್ನು ಕಣ್ಣಳತೆಯಲ್ಲಿ ಹೇಳಬಾರದು. ಅದು ಹಾಯುವ ದಾರಿಯಲ್ಲೇ ಟೇಪು ಹಿಡಿದು ಅಳೆಯಬೇಕು. ಗಿಡ್ಡವಾದರೆ ಎಂಜಿನ್ ಎತ್ತುವಾಗ ಬಿಗಿಯುತ್ತದೆ, ಉದ್ದವಾದರೆ ಸುರುಳಿ ಬಿದ್ದು ಚಕ್ರ ಭಾರವಾಗುತ್ತದೆ. ತಿರುವುಗಳನ್ನು ಎಂಟು ಇಂಚಿನ ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಿದರೆ ಒಳಗಿನ ತಂತಿ ಹೊರಕವಚವನ್ನು ಉಜ್ಜಿ ಸವೆಸುತ್ತದೆ.

ಮೂರನೆಯದು ವೇಗ ಮತ್ತು ಗೇರು. ಇದಕ್ಕೆ ಬೇರೆಯೇ ಎರಡು ಕೇಬಲ್, ಒಂದು ಲಿವರ್ ಪೆಟ್ಟಿಗೆ. ನಾಲ್ಕನೆಯದು ಸ್ಟಾರ್ಟ್ ಮಾಡುವ ಬಗೆ. ಹಗ್ಗ ಎಳೆದು ಚಾಲೂ ಮಾಡುವ ಎಂಜಿನ್ನನ್ನೇ ಇಟ್ಟುಕೊಂಡರೆ ಪ್ರತಿ ಸಲ ಹಿಂದಕ್ಕೆ ಓಡಿ ಹಗ್ಗ ಎಳೆದು ಮುಂದಕ್ಕೆ ಓಡಿಬರಬೇಕು. ಅಲೆಗಳ ನಡುವೆ ಎಂಜಿನ್ ಆರಿದಾಗ ಈ ಓಟ ಪ್ರಾಣಕ್ಕೆ ಬರಬಹುದು. ಬೇಡವೆಂದರೆ ಸೆಲ್ಫ್ ಸ್ಟಾರ್ಟ್, ಅದಕ್ಕೆ ಬ್ಯಾಟರಿ, ಅದಕ್ಕೆ ನೀರು ತಾಗದ ಪೆಟ್ಟಿಗೆ, ವೈರಿಂಗ್, ಫ್ಯೂಸ್. ಹೀಗೆ ಒಂದು ಚಕ್ರದ ಹಿಂದೆ ಸಾಮಾನುಗಳ ದಿಬ್ಬಣವೇ ಬರುತ್ತದೆ. ಖರ್ಚು ಹತ್ತಾರು ಸಾವಿರ ದಾಟುತ್ತದೆ.

ಐದನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಪೆಟ್ಟಿಗೆ ನಿಲ್ಲುವ ನೆಲ. ಅಲೆಗೆ ದೋಣಿ ಹಾರಿದಾಗ ಓಡಿಸುವವನು ಆಸರೆಗೆ ಹಿಡಿಯುವುದು ಚಕ್ರವನ್ನೇ. ಅವನ ಪೂರ್ತಿ ತೂಕದ ಎಳೆತ ಪೆಟ್ಟಿಗೆಯ ಬುಡಕ್ಕೆ ಬೀಳುತ್ತದೆ. ತೆಳ್ಳಗಿನ ಫೈಬರ್ ನೆಲಕ್ಕೆ ಸ್ಕ್ರೂ ಹಾಕಿ ನಿಲ್ಲಿಸಿದ ಪೆಟ್ಟಿಗೆ ಒಂದು ಮಳೆಗಾಲವನ್ನೂ ತಾಳದು. ಕೆಳಗಿನ ಅಡ್ಡಪಟ್ಟಿಗಳಿಗೆ ಆಚೆ ಹಾಯುವಂತೆ ಬೋಲ್ಟ್ ಹಾಕಬೇಕು. ಕೊರೆದ ಪ್ರತಿ ತೂತನ್ನೂ ಮುಚ್ಚಬೇಕು, ಇಲ್ಲವಾದರೆ ನೀರು ಒಳಗಿನ ಪ್ಲೈವುಡ್ಡಿಗೆ ಇಳಿದು ಹೊರಗಿನಿಂದ ಕಾಣದಂತೆ ಕೊಳೆಸುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಉಪ್ಪುನೀರು ಸುಮ್ಮನಿರುವುದಿಲ್ಲ. ಕೇಬಲ್ಲಿನ ಸರಳು ಹಾಯುವ ಕೊಳವೆಯಲ್ಲಿ ಗ್ರೀಸ್ ಒಣಗಿ ಉಪ್ಪು ಕಟ್ಟಿದರೆ ಚಕ್ರ ಮೊದಲು ಬಿಗಿಯಾಗುತ್ತದೆ, ಆಮೇಲೆ ಒಂದು ದಿನ ಅಲುಗುವುದೇ ಇಲ್ಲ. ಕೇಬಲ್ ಸ್ಟೇರಿಂಗಿನ ದೊಡ್ಡ ರೋಗ ಇದೇ. ಎಂಜಿನ್ನನ್ನು ಹಿಡಿದ ಕೊಂಡಿಗೆ ಸಡಿಲವಾಗದ ಲಾಕ್ ನಟ್ಟೇ ಬೇಕು. ಸಾದಾ ನಟ್ಟು ನಡುಕಕ್ಕೆ ಬಿಚ್ಚಿಕೊಂಡರೆ ಚಕ್ರ ಕೈಯಲ್ಲಿರುತ್ತದೆ, ಎಂಜಿನ್ ತನ್ನಿಷ್ಟಕ್ಕೆ ಹೊರಳುತ್ತದೆ. ಹ್ಯಾಂಡಲ್‌ನಲ್ಲಿ ಕೆಡಲು ಇಷ್ಟೊಂದು ಜಾಗಗಳಿಲ್ಲ. ಕೆಟ್ಟರೆ ಕೈಗೇ ತಿಳಿಯುತ್ತದೆ.

ಹಿರಿಯರು ನಗುವುದು ಇದಕ್ಕಾಗಿಯೇ. ಅವರ "ಬಲೆ ಎಲ್ಲಿ ಇಡುದು" ಎಂಬ ಪ್ರಶ್ನೆಯಲ್ಲಿ ಇಡೀ ಕಸುಬಿದೆ. ಬಲೆ ಬಿಡುವಾಗ, ಎಳೆಯುವಾಗ ದೋಣಿಯ ನೆಲ ಬರಿದಾಗಿರಬೇಕು. ನಡುವೆ ನಿಂತ ಪೆಟ್ಟಿಗೆ, ಅದರ ಚಕ್ರ, ಲಿವರ್, ಕಂಬಿ, ಎಲ್ಲವೂ ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುವ ಕೊಕ್ಕೆಗಳೇ. ಓಡುವ ಬಲೆ ಲಿವರನ್ನು ಎಳೆದು ಗೇರಿಗೆ ಹಾಕಿದರೆ ಗತಿ ಏನು? ಹಿಂದೆ ಎಂಜಿನ್ ಬಳಿ ಕೂತವನಿಗೆ ಬಲೆಗೂ ಪ್ರೊಪೆಲ್ಲರಿಗೂ ಎಷ್ಟು ದೂರವಿದೆ ಎಂಬುದು ಕಣ್ಣೆದುರೇ ಇರುತ್ತದೆ. ನೂಲು ಸುತ್ತಿತು ಅನ್ನುವಷ್ಟರಲ್ಲಿ ಎಂಜಿನ್ ಎತ್ತಿ ಬಿಡಿಸುತ್ತಾನೆ. ಬಂದರಿಲ್ಲದ ತೆರೆದ ಕಡಲತೀರಕ್ಕೆ ದೋಣಿ ಏರಿಸುವಾಗಲೂ ಅಷ್ಟೇ. ಕೊನೆಯ ಅಲೆಯ ಬೆನ್ನೇರಿ ಬಂದು, ತಳ ಮರಳಿಗೆ ತಾಗುವ ಮುಂಚಿನ ಕ್ಷಣದಲ್ಲಿ ಎಂಜಿನ್ ಎತ್ತುವ ಕೈ ಎಂಜಿನ್ನಿನ ಹತ್ತಿರವೇ ಇರಬೇಕು. ಸಾಮಾನ್ಯವಾಗಿ ಹ್ಯಾಂಡಲ್‌ನಲ್ಲಿ ಎಂಜಿನ್ ಎಷ್ಟು ಕೋನಕ್ಕೆ ಹೊರಳುತ್ತದೋ ಅಷ್ಟು ಕೇಬಲ್‌ನಲ್ಲಿ ಹೊರಳುವುದಿಲ್ಲ. ಇಕ್ಕಟ್ಟಾದ ಜಾಗದಲ್ಲಿ ಗಿರಕಿ ಹೊಡೆಸಲು ಹ್ಯಾಂಡಲ್ಲೇ ಮೇಲು.

ಬಡತನದಿಂದಾಗಿ ಹ್ಯಾಂಡಲ್ ಉಳಿದಿದೆ ಎನ್ನುವವರು ಅಮೆರಿಕದ ಮಿನ್ನೆಸೋಟ ರಾಜ್ಯದ ಸರೋವರಗಳನ್ನು ನೋಡಬೇಕು. ಅಲ್ಲಿ ವಾಲ್‌ಐ ಎಂಬ ಮೀನು ಹಿಡಿಯುವವರಲ್ಲಿ ದೋಣಿಯನ್ನು ಹಿಮ್ಮುಖವಾಗಿ ನಿಧಾನ ಓಡಿಸುತ್ತ ಗಾಳ ಎಳೆಯುವ ಒಂದು ಪದ್ಧತಿ ಇದೆ. ಅದಕ್ಕೆ ಹ್ಯಾಂಡಲ್ ಹಿಡಿದ ಕೈಯೇ ಚೆಂದ. ಅಲ್ಲಿನ ದೋಣಿ ಕಂಪನಿಗಳು ಆರಾಮದ ಕುರ್ಚಿ, ಮೀನು ಹುಡುಕುವ ಪರದೆ, ಭಾರೀ ಎಂಜಿನ್ ಎಲ್ಲ ಇರುವ ದುಬಾರಿ ದೋಣಿಗಳನ್ನು ಇವತ್ತಿಗೂ ಹ್ಯಾಂಡಲ್ ಸಮೇತ ಮಾಡಿ ಮಾರುತ್ತವೆ. ಚಕ್ರ ಕೊಳ್ಳುವ ಶಕ್ತಿ ಇದ್ದೂ ಅವರು ಹ್ಯಾಂಡಲ್ ಆರಿಸಿಕೊಂಡಿದ್ದಾರೆ. ಕೆಲಸಕ್ಕೆ ತಕ್ಕ ಸಾಧನ, ಅಷ್ಟೇ.

ಇನ್ನೊಂದು ಮಾತನ್ನು ಬಿಚ್ಚಿ ಹೇಳಬೇಕು. ಸ್ಟೇರಿಂಗ್ ಬೇಕೆನ್ನುವ ಹಲವರ ಕಣ್ಣು ಇರುವುದು ದೊಡ್ಡ ಎಂಜಿನ್ ಮೇಲೆ. ಎಂಜಿನ್ ದೊಡ್ಡದಾದಷ್ಟೂ ಹ್ಯಾಂಡಲ್ ಕೈಯನ್ನು ಎಳೆದಾಡುತ್ತದೆ. ಚಕ್ರವಿದ್ದರೆ ಆ ಎಳೆತವನ್ನು ಹಲ್ಲುಗಾಲಿ ನುಂಗುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ ನಿಯಮವೂ ಈ ಸಂಬಂಧವನ್ನು ಒಪ್ಪಿಕೊಂಡಿದೆ. 20 ಅಡಿಗಿಂತ ಚಿಕ್ಕ ಔಟ್‌ಬೋರ್ಡ್ ದೋಣಿಗೆ ಗರಿಷ್ಠ ಎಷ್ಟು ಎಚ್‌ಪಿ ಎಂದು ತಯಾರಕರು ಗುರುತಿಸಲು ಅಲ್ಲೊಂದು ಲೆಕ್ಕವಿದೆ. ದೋಣಿಯ ಉದ್ದವನ್ನು ಹಿಂಬದಿ ಹಲಗೆಯ ಅಗಲದಿಂದ ಗುಣಿಸಬೇಕು, ಎರಡೂ ಅಡಿಗಳಲ್ಲಿ. 16 ಅಡಿ ಉದ್ದ, 5 ಅಡಿ ಅಗಲ ಎಂದಿಟ್ಟುಕೊಳ್ಳಿ, ಗುಣಲಬ್ಧ 80. ಚಕ್ರದ ಸ್ಟೇರಿಂಗ್ ಮತ್ತು ಕನಿಷ್ಠ 20 ಇಂಚು ಎತ್ತರದ ಹಿಂಬದಿ ಹಲಗೆ ಎರಡೂ ಇದ್ದರೆ 80ರ ಎರಡರಷ್ಟರಿಂದ 90 ಕಳೆದು 70 ಎಚ್‌ಪಿ. ಎರಡರಲ್ಲಿ ಒಂದಿಲ್ಲದಿದ್ದರೂ 80ರ ಶೇ. 80ರಿಂದ 25 ಕಳೆದು 39, ಐದರ ಲೆಕ್ಕಕ್ಕೆ ಏರಿಸಿ 40. ತಳ ಚಪ್ಪಟೆಯಾಗಿದ್ದರೆ 25ಕ್ಕೇ ನಿಲ್ಲಬೇಕು. ಅದೇ ಅಳತೆಯ ದೋಣಿ, ಚಕ್ರವಿದ್ದರೆ 70, ಇಲ್ಲದಿದ್ದರೆ 40.

ಈ ಲೆಕ್ಕ ಓದಿ ಯಾರೂ ಉಬ್ಬಬೇಕಾಗಿಲ್ಲ. ಅದು ದೋಣಿ ಕಟ್ಟುವವರಿಗೆ ಹೇಳಿದ್ದು. ಹಿಂಬದಿ ಹಲಗೆಯ ಗಟ್ಟಿತನ, ತೇಲುವ ಶಕ್ತಿ ಎಲ್ಲವನ್ನೂ ಆ ಎಂಜಿನ್ನಿಗೆ ತಕ್ಕಂತೆ ಅವರು ಮೊದಲೇ ಕಟ್ಟಿರುತ್ತಾರೆ. ಹಳೆಯ ದೋಣಿಗೆ ಆಮೇಲೆ ಚಕ್ರ ಕೂರಿಸಿದ ಮಾತ್ರಕ್ಕೆ ಅದರ ಹಲಗೆ ಗಟ್ಟಿಯಾಗುವುದಿಲ್ಲ. ನಮ್ಮಲ್ಲಂತೂ ಮಳೆಗಾಲದ ನಿಯಮ ಚಕ್ರವನ್ನು ಕೇಳುವುದೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದಲ್ಲಿ ಕಡಲಿಗಿಳಿಯುವ ಅವಕಾಶ ಇರುವುದು ಸಾಂಪ್ರದಾಯಿಕ ದೋಣಿಗಳಿಗೆ, ಅದೂ ಎಂಜಿನ್ 10 ಎಚ್‌ಪಿ ಮೀರದಿದ್ದರೆ. 9.9 ಎಚ್‌ಪಿ ಎಂಜಿನ್ನುಗಳಿಗೆ ಇಲ್ಲಿ ಇಷ್ಟು ಬೇಡಿಕೆ ಯಾಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಅಷ್ಟು ಚಿಕ್ಕ ಎಂಜಿನ್ ತೋಳನ್ನು ಕೀಳುವಂಥದ್ದಲ್ಲ. ಅದಕ್ಕೆ ಪೆಟ್ಟಿಗೆ, ಬ್ಯಾಟರಿ, ಕೇಬಲ್ಲುಗಳ ಭಾರ ಹೇರಿ ಇರುವ ಶಕ್ತಿಯನ್ನೂ ತಿನ್ನಿಸುವುದು ಲಾಭದ ಮಾತಲ್ಲ.

ಹಾಗಾದರೆ ಚಕ್ರ ಯಾರಿಗೆ? ನನ್ನ ಲೆಕ್ಕ ಹೀಗಿದೆ. ಪ್ರವಾಸಿಗರನ್ನು ಕೂರಿಸಿ ಹಿನ್ನೀರಿನಲ್ಲಿ, ಅಳಿವೆಯಲ್ಲಿ ಓಡಾಡಿಸುವ ದೋಣಿಗೆ ಬೇಕೇ ಬೇಕು. ಜನರ ತಲೆಗಳ ಮೇಲಿಂದ ಇಣುಕುತ್ತ ಹಿಂದಿನಿಂದ ಓಡಿಸುವುದು ಅಪಾಯ. ಪಂಜರದಲ್ಲಿ ಮೀನು ಸಾಕುವವರು ಆಹಾರ ಸಾಗಿಸುವ ದೋಣಿಗೂ, ದೂರ ಹೋಗಿ ಗಾಳ ಹಾಕುವವರ ದೋಣಿಗೂ, ಬೀಚಿನ ರಕ್ಷಣಾ ದೋಣಿಗೂ ಒಪ್ಪುತ್ತದೆ. ಇಲ್ಲಿ ಬಲೆಯ ಕಾಟವಿಲ್ಲ, ದೂರ ಹೆಚ್ಚು, ಮುಂದಿನ ದೃಷ್ಟಿ ಮುಖ್ಯ. ದಿನವೂ ಬಲೆ ಬಿಟ್ಟು ಎಳೆಯುವ, ಮರಳಿಗೆ ಏರಿಸಿ ಇಳಿಸುವ ಸಣ್ಣ ದೋಣಿಗೆ ಬೇಡ. ತೀರಾ ಕಿರಿದಾದ ದೋಣಿಗೂ ಬೇಡ. ಅಲ್ಲಿ ನಿಂತು ಓಡಿಸಿದರೆ ತೂಕ ಮೇಲಕ್ಕೇರಿ ದೋಣಿ ಮಗುಚುವ ಅಪಾಯವೇ ಹೆಚ್ಚು. ಹಾಕಿಸುವವರು ಪೆಟ್ಟಿಗೆಯನ್ನು ನಡುವೆ ಇಡದೆ ಬಲಮಗ್ಗುಲಿಗೆ ಸರಿಸಿದರೆ ಓಡಾಡಲು ಜಾಗ ಉಳಿಯುತ್ತದೆ. ಎಣ್ಣೆ ಕ್ಯಾನನ್ನೋ ಬ್ಯಾಟರಿಯನ್ನೋ ಎದುರು ಮಗ್ಗುಲಿಗೆ ಇಟ್ಟು ವಾಲುವಿಕೆ ಸರಿದೂಗಿಸಬೇಕು. ಕೆಲಸ ಮುಗಿದ ಮೇಲೆ ನೀರಿಗಿಳಿಸುವ ಮೊದಲು ಎಂಜಿನ್ ಪೂರ್ತಿ ಎತ್ತಿ, ಪೂರ್ತಿ ಇಳಿಸಿ, ಎರಡೂ ಸ್ಥಿತಿಯಲ್ಲಿ ಚಕ್ರವನ್ನು ಎಡಬಲದ ಕೊನೆಗಳವರೆಗೆ ತಿರುಗಿಸಿ ನೋಡಿ. ಯಾವ ಕೇಬಲ್ಲೂ ಬಿಗಿಯಬಾರದು, ಯಾವುದೂ ಉಜ್ಜಬಾರದು. ಎಂಜಿನ್ನಿನ ಎಚ್‌ಪಿ ಬದಲಾಗಿದ್ದರೆ ನೋಂದಣಿಯಲ್ಲಿ ಬರೆಸಿ, ವಿಮೆಯವರಿಗೂ ತಿಳಿಸಿ. ಅಪಘಾತದ ಮರುದಿನ ಕಾಗದ ಹುಡುಕುವುದು ಯಾರಿಗೂ ಬೇಡ.

ಚಕ್ರ ಬೇಡ, ಬೆನ್ನುನೋವೂ ಬೇಡ ಎನ್ನುವವರಿಗೆ ನಡುದಾರಿ ಒಂದಿದೆ: ಹ್ಯಾಂಡಲ್ಲನ್ನೇ ಉದ್ದ ಮಾಡುವುದು. ಹ್ಯಾಂಡಲ್‌ಗೆ ಸಿಕ್ಕಿಸುವ ಉದ್ದದ ಹಿಡಿಗಳು ಹೊರದೇಶಗಳಲ್ಲಿ ಅಂಗಡಿಯಲ್ಲೇ ಸಿಗುತ್ತವೆ. ಪಿವಿಸಿ ಪೈಪ್ ಬಿಗಿದು ಕೈಯಾರೆ ಮಾಡಿಕೊಳ್ಳುವವರೂ ಇದ್ದಾರೆ. ಓಡಿಸುವವನು ಎರಡು ಮೂರು ಅಡಿ ಮುಂದೆ ಬಂದರೂ ಮೂತಿ ತಗ್ಗುತ್ತದೆ, ಸೊಂಟ ನೆಟ್ಟಗಾಗುತ್ತದೆ, ಹೊಗೆ ದೂರವಾಗುತ್ತದೆ. ಚಕ್ರದಿಂದ ಸಿಗುವ ಲಾಭದ ದೊಡ್ಡ ಪಾಲು ಇಲ್ಲಿ ಕಡಿಮೆ ಖರ್ಚಿಗೆ ಸಿಕ್ಕಿತು. ಪೈಪ್ ಜಾರದಂತೆ ಬಿಗಿದಿರಬೇಕು. ಇನ್ನೊಂದು ಎಚ್ಚರವೂ ಬೇಕು. ಎಂಜಿನ್ನಿನಿಂದ ದೂರ ಬಂದಷ್ಟೂ ಅದನ್ನು ನಿಲ್ಲಿಸುವ ಗುಂಡಿಯೂ ಕೈಗೆ ದೂರವಾಗುತ್ತದೆ.

ನಾನು ಮೊದಲೇ ಹೇಳಿದ ಸಣ್ಣ ಸಾಮಾನಿನ ಸರದಿ ಈಗ ಬಂತು. ಹೊಸ ಔಟ್‌ಬೋರ್ಡ್ ಎಂಜಿನ್ ಜೊತೆ ಸುರುಳಿ ಸುರುಳಿಯಾದ ಒಂದು ಕೆಂಪು ದಾರ ಬರುತ್ತದೆ. ಒಂದು ತುದಿಯ ಕ್ಲಿಪ್ ಎಂಜಿನ್ನಿನ ಸ್ಟಾಪ್ ಸ್ವಿಚ್ಚಿಗೆ, ಇನ್ನೊಂದು ತುದಿ ಓಡಿಸುವವನ ಮೈಗೆ. ಅವನು ನೀರಿಗೆ ಬಿದ್ದರೆ ಕ್ಲಿಪ್ ಕಿತ್ತುಬಂದು ಎಂಜಿನ್ನಿನ ಕಿಡಿ ಕಡಿಯುತ್ತದೆ, ಎಂಜಿನ್ ನಿಲ್ಲುತ್ತದೆ. ಅದು ಇಲ್ಲದಿದ್ದರೆ ಏನಾಗುತ್ತದೆ? ಹಿಡಿತ ತಪ್ಪಿದ ಎಂಜಿನ್ ಪ್ರೊಪೆಲ್ಲರಿನ ಒತ್ತಡಕ್ಕೆ ಒಂದು ಪಕ್ಕಕ್ಕೆ ಹೊರಳುತ್ತದೆ. ದೋಣಿ ದೂರ ಹೋಗುವ ಬದಲು ಸುತ್ತು ಹೊಡೆಯಲು ಶುರು ಮಾಡುತ್ತದೆ, ನೀರಲ್ಲಿರುವವನ ಕಡೆಗೇ ಮತ್ತೆ ಮತ್ತೆ ಬರುತ್ತದೆ. ಈಜು ಬಲ್ಲವನನ್ನೂ ಪ್ರೊಪೆಲ್ಲರ್ ಬಿಡುವುದಿಲ್ಲ. ದೋಣಿಯಲ್ಲಿ ಒಬ್ಬನೇ ಇದ್ದರೆ ಅದನ್ನು ನಿಲ್ಲಿಸಲು ಯಾರೂ ಇಲ್ಲ.

ಚಕ್ರ ಹಾಕಿಸಿದವರಿಗೆ ಈ ಭಯವಿಲ್ಲ ಅಂದುಕೊಳ್ಳಬೇಡಿ. 2013ರ ಮೇ 5ರಂದು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ಪ್ಯಾಡ್‌ಸ್ಟೋ ಊರಿನ ಬಳಿ ಕ್ಯಾಮಲ್ ನದಿಯ ಅಳಿವೆಯಲ್ಲಿ ಒಂದು ಕುಟುಂಬದ ಆರು ಮಂದಿ ವೇಗದ ದೋಣಿಯಲ್ಲಿದ್ದರು. ಚಕ್ರ, ಲಿವರ್, ಆಸನ ಎಲ್ಲವೂ ಇದ್ದ ದೋಣಿ. ಬಿರುಸಿನ ತಿರುವಿನಲ್ಲಿ ಆರೂ ಜನ ನೀರಿಗೆ ಎಸೆಯಲ್ಪಟ್ಟರು. ಖಾಲಿ ದೋಣಿ ಸುತ್ತು ಹೊಡೆಯುತ್ತ ಅವರ ಮೇಲೆಯೇ ಹಾಯಿತು. ತಂದೆಯೂ ಎಂಟು ವರ್ಷದ ಮಗಳೂ ಸತ್ತರು, ಉಳಿದವರಲ್ಲಿ ಕೆಲವರಿಗೆ ತೀವ್ರ ಗಾಯ. ಬ್ರಿಟನ್ನಿನ ಸಾಗರ ಅಪಘಾತ ತನಿಖಾ ವಿಭಾಗದ ವರದಿಯಲ್ಲಿ ಎದ್ದು ಕಾಣುವ ಅಂಶ ಇಷ್ಟೇ: ಆ ದಾರವನ್ನು ಯಾರೂ ಮೈಗೆ ಸಿಕ್ಕಿಸಿಕೊಂಡಿರಲಿಲ್ಲ.

ಅಮೆರಿಕ 2021ರ ಏಪ್ರಿಲ್ 1ರಿಂದ ಇದನ್ನು ಕಾನೂನೇ ಮಾಡಿತು. ಇಂಥ ಸ್ವಿಚ್ ಇರುವ, 26 ಅಡಿಗಿಂತ ಚಿಕ್ಕ ದೋಣಿಯನ್ನು ವೇಗವಾಗಿ ಓಡಿಸುವವನು ಎಂಜಿನ್ ನಿಲ್ಲಿಸುವ ದಾರವನ್ನೋ ಅದೇ ಕೆಲಸ ಮಾಡುವ ವೈರ್‌ಲೆಸ್ ಪಟ್ಟಿಯನ್ನೋ ಮೈಮೇಲೆ ಧರಿಸಿರಲೇಬೇಕು. ಹ್ಯಾಂಡಲ್ಲೋ ಚಕ್ರವೋ ಎಂದು ಆ ಕಾನೂನು ಭೇದ ಮಾಡುವುದಿಲ್ಲ.

ದಾರವನ್ನು ಸ್ವಿಚ್ಚಿಗೆ ಸಿಕ್ಕಿಸಿ ಅಲ್ಲೇ ಎಂಜಿನ್ನಿಗೆ ಸುತ್ತಿಡುವುದು ಎಲ್ಲ ದೇಶಗಳ ದೋಣಿಯವರ ಚಾಳಿ. ಅದಕ್ಕೆ ಕಾರಣವನ್ನೂ ಹೇಳುತ್ತಾರೆ, ಆ ಕಾರಣವನ್ನು ತಳ್ಳಿಹಾಕುವಂತಿಲ್ಲ. "ಅಳಿವೆ ದಾಟುವಾಗ ಕೈ ತಾಗಿ ದಾರ ಕಿತ್ತುಬಂದರೆ ಎಂಜಿನ್ ನಿಂತು ದೋಣಿ ಅಲೆಗೆ ಅಡ್ಡ ಬೀಳುತ್ತದೆ, ಆಗ ಏನು ಮಾಡುದು?" ಇದು ನಿಜವಾದ ಭಯ. ಪರಿಹಾರವೂ ಇದೆ. ದಾರವನ್ನು ಮಣಿಕಟ್ಟಿಗೆ ಕಟ್ಟಬೇಡಿ, ತೊಡೆಗೆ ಕಟ್ಟಿ. ಕೈ ಆಡಿದರೂ ಎಳೆಯುವುದಿಲ್ಲ. ಸುರುಳಿ ಹಿಗ್ಗಲು ಸಾಕಷ್ಟು ಉದ್ದವಿರಲಿ. ಇನ್ನೊಂದು ಕ್ಲಿಪ್ಪನ್ನು ದೋಣಿಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಡಿ. ಓಡಿಸುವವನೇ ಕ್ಲಿಪ್ ಸಮೇತ ನೀರಿಗೆ ಬಿದ್ದಾಗ ಉಳಿದವರು ಎಂಜಿನ್ ಚಾಲೂ ಮಾಡಿ ಅವನನ್ನು ಎತ್ತಿಕೊಳ್ಳಲು ಅದು ಬೇಕೇ ಬೇಕು. ಬಲೆ ಎಳೆಯುವಾಗ ಅಡ್ಡಿ ಎಂಬ ಮಾತಿಗೆ ಅರ್ಥವಿಲ್ಲ. ಆಗ ಎಂಜಿನ್ ನ್ಯೂಟ್ರಲ್‌ನಲ್ಲಿರುತ್ತದೆ ಅಥವಾ ನಿಂತಿರುತ್ತದೆ. ದಾರ ಬೇಕಾದದ್ದು ಓಡುವಾಗ. ಹಳೆಯ ಎಂಜಿನ್ನಿನಲ್ಲಿ ಇಂಥ ಸ್ವಿಚ್ಚೇ ಇಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ಕೇಳಿ, ನಿಲ್ಲಿಸುವ ಗುಂಡಿಯ ವೈರಿಗೇ ಇದನ್ನು ಜೋಡಿಸಬಹುದು. ಹತ್ತಾರು ಸಾವಿರದ ಚಕ್ರದ ಮುಂದೆ ಇದರ ಬೆಲೆ ಲೆಕ್ಕಕ್ಕೆ ಬಾರದಷ್ಟು.

ಇಷ್ಟಾದ ಮೇಲೆ ಕೇಳಬೇಕಾದವರನ್ನು ಕೇಳಿಯೇಬಿಡೋಣ. ಪ್ರತಿ ಮಳೆಗಾಲಕ್ಕೆ ಮುಂಚೆ ಲೈಫ್ ಜಾಕೆಟ್ ಹಾಕಿಕೊಳ್ಳಿ ಎಂದು ಮೀನುಗಾರಿಕೆ ಇಲಾಖೆ ಹೇಳುತ್ತದೆ, ಸರಿ. ನಾಡದೋಣಿಗಳ ತಪಾಸಣೆ ನಡೆಯುವಾಗ ಈ ದಾರವನ್ನೂ ಎಳೆದು ನೋಡಲಿ. ಎಂಜಿನ್ ನಿಂತಿತೇ ಇಲ್ಲವೇ ಎಂದು ತಿಳಿಯಲು ಅರೆ ನಿಮಿಷ ಸಾಕು. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮತ್ತು ಮೋಟರೀಕೃತ ದೋಣಿಗಳ ಸುರಕ್ಷತಾ ಕಿಟ್‌ಗೆ ನೆರವಿದೆ. ಆ ಕಿಟ್ಟಿನೊಳಗೆ ಒಂದು ದಾರ, ಒಂದು ಹೆಚ್ಚುವರಿ ಕ್ಲಿಪ್ ಸೇರಿಸಲು ಬೊಕ್ಕಸ ಬರಿದಾಗದು. ಎಂಜಿನ್ ಮಾರುವವರು ದಾರವನ್ನು ಪೆಟ್ಟಿಗೆಯ ತಳದಲ್ಲಿ ಬಿಟ್ಟು ಕಳಿಸಬಾರದು. ಕೊಂಡವನ ತೊಡೆಗೆ ಕಟ್ಟಿ ತೋರಿಸಿಯೇ ರಸೀದಿ ಕೊಡಲಿ. ಪ್ರವಾಸಿ ದೋಣಿಗಳಿಗೆ ಪರವಾನಗಿ ಕೊಡುವ ಸ್ಥಳೀಯ ಸಂಸ್ಥೆಗಳು ಚಕ್ರ ಮತ್ತು ದಾರ ಎರಡನ್ನೂ ಷರತ್ತು ಮಾಡಲಿ.

ಫೈಬರ್ ದೋಣಿ ಕಟ್ಟುವವರಲ್ಲಿ ಇನ್ನೊಂದು ಕೋರಿಕೆ. ಅಚ್ಚಿನಲ್ಲಿ ದೋಣಿ ಎರೆಯುವಾಗಲೇ ಬದಿಯುದ್ದಕ್ಕೂ ಒಂದು ಖಾಲಿ ಪೈಪ್ ಇಟ್ಟು, ಪೆಟ್ಟಿಗೆ ನಿಲ್ಲಬಹುದಾದ ಕಡೆ ನೆಲವನ್ನು ಗಟ್ಟಿ ಮಾಡಿಬಿಡಿ. ನಾಳೆ ಒಡೆಯನಿಗೆ ಚಕ್ರ ಬೇಕೆನಿಸಿದರೆ ಕೇಬಲ್ ತೂರಿಸಿದರಾಯಿತು, ದೋಣಿಯನ್ನು ಕೊರೆಯಬೇಕಾಗಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ನಮ್ಮ ನಡುವೆಯೇ ಇದೆ. ಒಂದೇ ಅಳತೆಯ ಎರಡು ದೋಣಿಗಳಲ್ಲಿ, ಒಂದಕ್ಕೆ ಹ್ಯಾಂಡಲ್, ಒಂದಕ್ಕೆ ಚಕ್ರ ಇಟ್ಟು, ನಮ್ಮದೇ ಅಳಿವೆಗಳಲ್ಲಿ, ನಮ್ಮದೇ ಬಲೆ ಹೇರಿಕೊಂಡು, ನಮ್ಮ ಮೀನುಗಾರರ ಕೈಯಲ್ಲೇ ಓಡಿಸಿ ನೋಡಿ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಿದರೆ, ದೋಣಿ ಮಾಡಿಸಲು ಹೊರಟ ಹುಡುಗರು ಅಂಗಡಿಯವನ ಮಾತನ್ನೇ ನಂಬಿ ಸಾಲ ಮಾಡುವುದು ತಪ್ಪುತ್ತದೆ.

ಕೊನೆಗೆ ನನ್ನ ತೀರ್ಮಾನ. ಕೈಯಲ್ಲಿ ಸ್ವಲ್ಪ ದುಡ್ಡು ಇದೆ ಎಂದಾದರೆ ಖರ್ಚಿನ ಕ್ರಮ ಇದಾಗಿರಲಿ: ಮೊದಲು ಕೆಂಪು ದಾರ ಮತ್ತು ಎರಡನೇ ಕ್ಲಿಪ್, ಆಮೇಲೆ ಮೈಗೆ ಹೊಂದುವ ಲೈಫ್ ಜಾಕೆಟ್, ಆಮೇಲೆ ಹ್ಯಾಂಡಲ್‌ಗೆ ಉದ್ದದ ಹಿಡಿ, ಎಲ್ಲಕ್ಕೂ ಕಡೆಗೆ ಚಕ್ರ, ಅದೂ ನಿಮ್ಮ ಕಸುಬು ಅದನ್ನು ಕೇಳಿದರೆ ಮಾತ್ರ. ನಿಮ್ಮ ಮನೆಯಲ್ಲಿ ದೋಣಿ ಓಡಿಸುವವರಿದ್ದರೆ ಇವತ್ತು ಒಂದೇ ಪ್ರಶ್ನೆ ಕೇಳಿ: "ದಾರ ಕಟ್ಟಿಕೊಂಡು ಹೋಗ್ತೀರಾ?" ಇಲ್ಲ ಎಂದರೆ ನಾಳೆ ಬೆಳಿಗ್ಗೆ ದೋಣಿ ನೀರಿಗಿಳಿಯುವ ಮೊದಲು ಅದನ್ನು ಹುಡುಕಿಸಿ ಕಟ್ಟಿಸಿ.